ಗುಳಿ ಅಂದರೆ ಯಾವಾಗಲೂ ಹತ್ತಲ್ಲ

ಬರಹಕ್ಕೂ ಮುಂಚಿನ ಗುರುತುಗಳ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಅವೇ ಪ್ರಶ್ನೆಗಳು. ಈ ಸಲ ಒಂದಾದರೂ ಕೈಯಾರೆ ಲೆಕ್ಕ ಹಾಕಿ ಕೇಳಿದ ಪ್ರಶ್ನೆ ಬಂದಿದೆ. ಜಾಗದ ಹೆಚ್ಚು ಪಾಲು ಅದಕ್ಕೇ. ಉಳಿದವರು ಕ್ಷಮಿಸಬೇಕು.

ಪ್ರಶ್ನೆ: ಸಿಂಧೂ ಲಿಪಿಯನ್ನು ಕಂಪ್ಯೂಟರ್ ಓದಿಬಿಟ್ಟಿದೆ ಎಂಬ ವಿಡಿಯೊ ನೋಡಿದೆ. ನಿಜವೇ?

ಇಲ್ಲ. ಒಂದೊಂದು ಬರಹದಲ್ಲಿ ಸರಾಸರಿ ಐದೇ ಗುರುತು, ಎರಡು ಭಾಷೆಯ ಶಾಸನ ಒಂದೂ ಸಿಕ್ಕಿಲ್ಲ. ಅಷ್ಟು ಚಿಕ್ಕ ಸಾಲಿನಿಂದ ಸಂಸ್ಕೃತ, ತಮಿಳು, ಬೇಕಾದರೆ ಕನ್ನಡವನ್ನೂ ಹೊರಡಿಸಬಹುದು. ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದೆ. ವಿಡಿಯೊದವರು ಅಲ್ಲಿಗೆ ಹೋಗಲಿ.

ಪ್ರಶ್ನೆ: ಇರಾಕಿನ ಉರುಕ್ ಕಾಲದ ಮಣ್ಣಿನ ಹಲಗೆಯೊಂದರ ರೇಖಾಚಿತ್ರ ಇಟ್ಟುಕೊಂಡು ಕೂಡಿದೆ. ಕಚ್ಚು (ಓರೆ ಒತ್ತು) 1, ಗುಳಿ (ದುಂಡು ಒತ್ತು) 10 ಎಂದು ಓದಿದ್ದೆ. ಮುಂಬದಿಯಲ್ಲಿ ಗೆರೆ ಎಳೆದ ಮೂರು ಮನೆಗಳು: ಮೊದಲನೆಯದರಲ್ಲಿ 4 ಕಚ್ಚು, ಎರಡನೆಯದರಲ್ಲಿ 1 ಗುಳಿ ಮತ್ತು 1 ಕಚ್ಚು, ಮೂರನೆಯದರಲ್ಲಿ 2 ಕಚ್ಚು. ಒಟ್ಟು 17. ಹಿಂಬದಿಯ ಮೊತ್ತ 2 ಗುಳಿ, 1 ಕಚ್ಚು, ಅಂದರೆ 21. ಬರೆದವನೇ ತಪ್ಪಿದನೇ?

ಬರೆದವನ ಲೆಕ್ಕ ಸರಿ ಇದೆ, ನಿಮ್ಮ ಗುಳಿಯ ಬೆಲೆ ತಪ್ಪು. ಜನಪ್ರಿಯ ಪುಸ್ತಕಗಳು ‘ಗುಳಿ ಅಂದರೆ ಹತ್ತು’ ಎಂದು ಒಂದೇ ಪಟ್ಟಿ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತವೆ. ಕ್ರಿ.ಪೂ. 3300ರ ಆಸುಪಾಸಿನ ಈ ಹಲಗೆಗಳಲ್ಲಿ ಸುಮಾರು ಅರವತ್ತು ಸಂಖ್ಯಾಗುರುತುಗಳಿವೆ. ಏನನ್ನು ಎಣಿಸುತ್ತಿದ್ದೀರಿ ಎನ್ನುವುದರ ಮೇಲೆ ಅವುಗಳ ಬೆಲೆ ಬದಲಾಗುತ್ತದೆ. ಬರ್ಲಿನ್‌ನಲ್ಲಿ ನಿಸ್ಸೆನ್, ಡಾಮೆರೋ, ಎಂಗ್ಲಂಡ್ ಎಂಬ ವಿದ್ವಾಂಸರು ಇವನ್ನು ಹತ್ತಕ್ಕೂ ಹೆಚ್ಚು ಪದ್ಧತಿಗಳಾಗಿ ಬಿಡಿಸಿದ್ದು ಇಂಥ ಮೊತ್ತಗಳನ್ನು ತಾಳೆ ನೋಡಿಯೇ.

ಮೊದಲು ಗುರುತು ಹೇಗೆ ಬಿತ್ತು ನೋಡಿ. ತುದಿ ದುಂಡಗಿನ ಎರಡು ಕಡ್ಡಿ, ಒಂದು ಸಣ್ಣದು, ಒಂದು ದಪ್ಪ. ಹಸಿ ಮಣ್ಣಿಗೆ ಓರೆಯಾಗಿ ಒತ್ತಿದರೆ ಕಚ್ಚು, ನೆಟ್ಟಗೆ ಒತ್ತಿದರೆ ಗುಳಿ. ಕುರಿ, ಆಳುಗಳ ಎಣಿಕೆಯಲ್ಲಿ ಸಣ್ಣ ಕಚ್ಚು 1, ಸಣ್ಣ ಗುಳಿ 10, ದೊಡ್ಡ ಕಚ್ಚು 60, ದೊಡ್ಡ ಗುಳಿ 3600. ಜವೆಗೋಧಿ ಅಳೆಯುವಾಗ ಸಣ್ಣ ಗುಳಿಗೆ 6 ಕಚ್ಚು. ಹತ್ತು ಸಣ್ಣ ಗುಳಿ ಸೇರಿದರೆ ದೊಡ್ಡ ಗುಳಿ, ಅಂಥ ಮೂರು ಸೇರಿದರೆ ದೊಡ್ಡ ಕಚ್ಚು. ಅಂದರೆ ಕುರಿಯಲ್ಲಿ ದೊಡ್ಡ ಗುಳಿ ಮೇಲು, ಧಾನ್ಯದಲ್ಲಿ ದೊಡ್ಡ ಕಚ್ಚು ಮೇಲು. ಹೊಲದ ಅಳತೆಗೆ ಬಂದರೆ ಕಚ್ಚು ಒಂದು ಇಕು (ಆಗಿನ ನೆಲದಳತೆ), ಸಣ್ಣ ಗುಳಿ 18 ಇಕು. ನಡುವೆ 6 ಇಕುವಿಗೆ ಬೇರೊಂದು ಗುರುತು. ನಮ್ಮಲ್ಲಿ 20 ಕೊಳಗ ಅಂದರೆ ಖಂಡುಗ, ಆದರೆ ಕುರಿಯನ್ನು ಖಂಡುಗದ ಲೆಕ್ಕದಲ್ಲಿ ಯಾರೂ ಎಣಿಸುವುದಿಲ್ಲವಲ್ಲ, ಹಾಗೆ.

ಈಗ ನಿಮ್ಮ ಹಲಗೆ. ಎಣಿಕೆಯ ಪದ್ಧತಿಯಲ್ಲಿ ಮುಂದೆ 17, ಹಿಂದೆ 21, ಕೂಡುವುದಿಲ್ಲ. ಹೊಲದ ಪದ್ಧತಿಯಲ್ಲಿ 25 ಮತ್ತು 37, ಅದೂ ಇಲ್ಲ. ಧಾನ್ಯದ್ದರಲ್ಲಿ 4, 7, 2 ಸೇರಿ 13. ಹಿಂದೆ ಎರಡು ಆರು ಹನ್ನೆರಡು, ಮೇಲೊಂದು, 13. ಅದು ಉಗ್ರಾಣದ ಜವೆಗೋಧಿ ಲೆಕ್ಕ.

ಮೊತ್ತವಿಲ್ಲದ ಹಲಗೆಯಾದರೆ ಒಂದೇ ಮನೆಯಲ್ಲಿ ಒಂದು ಗುರುತು ಎಷ್ಟು ಸಲ ಬಂದಿದೆ ಎಂದು ನೋಡಿ. ಕಚ್ಚು ಐದನ್ನು ದಾಟಿದರೆ ಧಾನ್ಯವಲ್ಲ, ಏಕೆಂದರೆ ಆರಕ್ಕೆ ಗುಳಿಯಾಗಬೇಕಿತ್ತು. ಸಣ್ಣ ಗುಳಿ ಐದನ್ನು ದಾಟಿದರೆ ತಲೆಯೆಣಿಕೆಯಲ್ಲ, ಆರು ಗುಳಿಗೆ ಅಲ್ಲಿ ದೊಡ್ಡ ಕಚ್ಚು ಬರುತ್ತದೆ. ಎಲ್ಲರೂ ಎಡವುವ ಜಾಗ ಎರಡು: ಮುರಿದ ಅಂಚಿನಲ್ಲಿ ಹೋದ ಕಚ್ಚನ್ನು ಲೆಕ್ಕಕ್ಕೆ ಹಿಡಿಯದಿರುವುದು, ರೇಖಾಚಿತ್ರದಲ್ಲಿ ದೊಡ್ಡದು ಸಣ್ಣದರ ವ್ಯತ್ಯಾಸ ಕಾಣದಿರುವುದು. ಫೋಟೊ ಇಲ್ಲದೆ ಬರೀ ರೇಖಾಚಿತ್ರ ನಂಬಿ ದೊಡ್ಡ ಮಾತಾಡಬೇಡಿ.

ಇದನ್ನು ಪೂರ್ಣ ಬರಹ ಎನ್ನಲು ನಾನು ಹಿಂದೆಗೆಯುವುದೂ ಇಲ್ಲೇ. ಕುರಿಗೂ ಕಾಳಿಗೂ ಹೊಲಕ್ಕೂ ಸಮನಾಗಿ ಸಲ್ಲುವ ‘ಹತ್ತು’ ಈ ಹಲಗೆಗಳಲ್ಲಿ ಇಲ್ಲ. ಸಂಖ್ಯೆ ಇನ್ನೂ ವಸ್ತುವಿಗೆ ಅಂಟಿಕೊಂಡಿದೆ. ವಿಭಕ್ತಿಯಿಲ್ಲ, ವಾಕ್ಯವಿಲ್ಲ. ಬರೆದವನ ಭಾಷೆ ಗೊತ್ತಿಲ್ಲದೆಯೇ ನೀವು ಅವನ ಲೆಕ್ಕ ತಪಾಸಣೆ ಮಾಡಿದಿರಿ ನೋಡಿ.

ಪ್ರಶ್ನೆ: ಹತ್ತು ಸಾವಿರ ವರ್ಷ ಹಿಂದಿನ ಮಣ್ಣಿನ ಟೋಕನ್‌ಗಳೇ (ಎಣಿಕೆಗೆ ಬಳಸುತ್ತಿದ್ದ ಪುಟ್ಟ ಕಾಯಿಗಳು) ಮುಂದೆ ಅಕ್ಷರಗಳಾದವು ಎನ್ನುವುದು ಸಾಬೀತಾಗಿದೆಯೇ?

ಅರ್ಧ ಮಾತ್ರ. ಪುರಾತತ್ವಜ್ಞೆ ಡೆನಿಸ್ ಶ್ಮಾಂಟ್-ಬೆಸೆರಾ ಮಂಡಿಸಿದ ಈ ವಾದದಲ್ಲಿ ಸಂಖ್ಯೆಯ ಭಾಗ ಗಟ್ಟಿ. ಇರಾನಿನ ಸೂಸಾದಲ್ಲಿ ಸಿಕ್ಕ ಟೊಳ್ಳು ಮಣ್ಣುಂಡೆಗಳಲ್ಲಿ ಒಳಗೆ ಟೋಕನ್, ಕೆಲವಕ್ಕೆ ಹೊರಗೆ ಅದೇ ಎಣಿಕೆಯ ಒತ್ತುಗುರುತು. ಚಿತ್ರಗುರುತುಗಳ ಭಾಗ ಸಡಿಲ. ಕುರಿಯ ಗುರುತು ವೃತ್ತದೊಳಗಿನ ಅಡ್ಡಗೆರೆ-ಉದ್ದಗೆರೆ; ಅದಕ್ಕೆ ಹೊಂದುವ ಬಿಲ್ಲೆಗಳು, ಅಷ್ಟೊಂದು ಕುರಿ ಸಾಕಿದ ನಾಡಿನಲ್ಲಿ, ತೀರಾ ವಿರಳ. ಮತ್ತೆ, ಟೋಕನ್ ಸತ್ತು ಅಕ್ಷರ ಹುಟ್ಟಿತು ಎನ್ನುವುದಂತೂ ಸುಳ್ಳು. ಕಿರ್ಕುಕ್ ಬಳಿಯ ನೂಜಿಯಲ್ಲಿ ಕ್ರಿ.ಪೂ. 1500ರ ಸುಮಾರಿನ ಮೊಟ್ಟೆಯಾಕಾರದ ಮಣ್ಣುಂಡೆ ಸಿಕ್ಕಿತು. ಮೇಲೆ ಬೆಣೆಲಿಪಿಯಲ್ಲಿ (ಕ್ಯೂನಿಫಾರ್ಮ್) ಪಟ್ಟಿ: ಈದ ಕುರಿ 21, ಹೆಣ್ಣುಮರಿ 6, ಟಗರು 8, ಗಂಡುಮರಿ 4, ಈದ ಮೇಕೆ 6, ಹೋತ 1, ಹೆಣ್ಣು ಮೇಕೆಮರಿ 3. ಒಳಗೆ ಲೆಕ್ಕದ ಕಲ್ಲುಗಳು. ಬರಹ ಬಂದು ಸುಮಾರು ಸಾವಿರದೆಂಟುನೂರು ವರ್ಷ ಕಳೆದರೂ ಓದುಬಾರದ ಕುರುಬನಿಗೆ ಕಲ್ಲೇ ರಸೀದಿ. ಇನ್ನು, ಉತ್ಖನನದಲ್ಲಿ ಸಿಕ್ಕ ದುಂಡು ಮಣ್ಣೆಲ್ಲ ಟೋಕನ್ ಅಲ್ಲ. ಕವಣೆಗುಂಡು, ಆಟದ ಕಾಯಿ ಕೂಡ ಹಾಗೇ ಇರುತ್ತವೆ.

ಪ್ರಶ್ನೆ: ರೊಮೇನಿಯಾದ ತರ್ತರಿಯಾ ಹಲಗೆಗಳು ಜಗತ್ತಿನ ಮೊದಲ ಬರಹವೇ?

1961ರಲ್ಲಿ ಸಿಕ್ಕ ಮೂರೇ ಹಲಗೆ, ಸಿಕ್ಕಿದ ಮೇಲೆ ಸುಟ್ಟಿದ್ದರಿಂದ ನೇರ ಕಾಲನಿರ್ಣಯವೂ ಆಗದು. ಇದರ ಮೇಲೆ ನಾಗರಿಕತೆ ಕಟ್ಟಬೇಡಿ.

ಪ್ರಶ್ನೆ: ಬ್ರಹ್ಮಗಿರಿ, ಮಸ್ಕಿಯ ಬೃಹತ್ ಶಿಲಾಯುಗದ ಮಡಕೆಗಳ ಮೇಲಿನ ಗೀರುಗಳು ಅಕ್ಷರವೇ?

ಮಡಕೆಗೆ ಒಂದೋ ಎರಡೋ ಗುರುತು. ಯಾರ ಮಡಕೆ ಎನ್ನುವುದಕ್ಕೆ ಅಷ್ಟು ಸಾಕು, ಭಾಷೆಗೆ ಸಾಲದು.

ಪ್ರಶ್ನೆ: ನಮ್ಮೂರ ಬಂಡೆಯ ಮೇಲೆ ಸಾಲು ಕುಳಿಗಳಿವೆ. ಅದು ನಿಧಿಯ ದಾರಿ ಹೇಳುವ ಲಿಪಿಯಂತೆ. ಪಂಡಿತರೊಬ್ಬರು ಪೂಜೆಗೆ ಹಣ ಕೇಳುತ್ತಿದ್ದಾರೆ.

ಕೊಡಬೇಡಿ. ಎರಡು ಸಾಲು, ಸಾಲಿಗೆ ಏಳು ಕುಳಿಯಿದ್ದರೆ ಅದು ದನ ಕಾಯುವವರು ಕೊರೆದುಕೊಂಡ ಅಳಿಗುಳಿ ಮಣೆ ಇರಬಹುದು. ಬೇರೆ ರೀತಿಯಿದ್ದರೆ ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಸೀಮೆಸುಣ್ಣ ಬಳಿಯಬೇಡಿ, ಕುಂಕುಮ ಎಣ್ಣೆ ಹಚ್ಚಬೇಡಿ, ಆಸಿಡ್ ಹಾಕಿ ತೊಳೆಯಲೇಬೇಡಿ. ಅಗೆಯಲು ಹೊರಟರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಪಂಡಿತರು ಅಷ್ಟರಲ್ಲಿ ಇನ್ನೊಂದು ಊರಿನ ಬಂಡೆ ಓದುತ್ತಿರುತ್ತಾರೆ.