ಶನಿವಾರದ ಖಳನಾಯಕನಿಗೆ

ಸಂಪಾದಕರ ಉತ್ತರ

ಹೆಸರು, ಊರು ಎರಡನ್ನೂ ಹಾಕಬೇಡಿ ಎಂದಿದ್ದೀರಿ. ಗದಗ ಜಿಲ್ಲೆಯವರು ಎಂದಷ್ಟೇ ಹೇಳುತ್ತೇನೆ. ಉಳಿದ ಓದುಗರಿಗೆ ವಿಷಯ ಗೊತ್ತಾಗಬೇಕಲ್ಲ, ಅದಕ್ಕೆ ನಿಮ್ಮ ಪತ್ರದ ಸಾರ ಇಷ್ಟು: ವಾರವಿಡೀ ನೀವು ಪತ್ತಿನ ಸಂಘವೊಂದರಲ್ಲಿ ಕ್ಯಾಷಿಯರ್. ತಿಂಗಳಿಗೊಂದೆರಡು ಶನಿವಾರ ಮುಂಬೈ ಕಡೆ ರೈಲು ಹತ್ತುತ್ತೀರಿ. ಮುಸುಕು ಹಾಕಿ ರೆಸ್ಲಿಂಗ್ ರಿಂಗಿಗೆ ಇಳಿದು, ಖಳನಾಗಿ ಜನರಿಂದ ಬೈಸಿಕೊಂಡು, ಸೋತು ಬರುತ್ತೀರಿ. ಹೆಂಡತಿಗೆ ಹೇಳಿರುವುದು ಆಡಿಟ್ ತರಬೇತಿ ಅಂತ. ತಂದೆ ಹಳೇ ಪೈಲ್ವಾನರು. ಟಿವಿಯಲ್ಲಿ ಇಂಥದ್ದು ಕಂಡರೆ ‘ಸುಳ್ಳ ಕುಸ್ತಿ, ಬಂದ್ ಮಾಡ್ರಿ’ ಅನ್ನುತ್ತಾರೆ. ಒಂಬತ್ತು ವರ್ಷದ ಮಗ ಮೊಬೈಲಿನಲ್ಲಿ ನಿಮ್ಮದೇ ವಿಡಿಯೋ ನೋಡಿ, ‘ಈ ಮುಸುಕಿನಾಂವಗ ಇನ್ನೂ ನಾಕ ಬೀಳಬೇಕಿತ್ತು’ ಅಂದನಂತೆ. ಇಷ್ಟೆಲ್ಲ ಬರೆದು ಕೊನೆಗೆ ಕೇಳಿದ್ದೀರಿ: ನಾನು ಮೋಸಗಾರನೇ?

ರಿಂಗಿನಲ್ಲಿ ಖಂಡಿತ ಅಲ್ಲ. ಮನೆಯಲ್ಲಿ, ಸ್ವಲ್ಪ ಹೌದು.

ರಿಂಗಿನ ಮಾತು ಬೇಗ ಮುಗಿಯುತ್ತದೆ. ಸೋಲು ಗೆಲುವು ಮೊದಲೇ ಗೊತ್ತುಮಾಡಿರುತ್ತಾರೆ ಎಂಬ ಗುಟ್ಟನ್ನು ಧಂದೆಯ ದೊಡ್ಡ ಮಾಲೀಕರೇ 1989ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬಿಟ್ಟುಕೊಟ್ಟರು. ಇದು ಪಂದ್ಯವಲ್ಲ, ಮನರಂಜನೆ ಎಂದು ಅಲ್ಲಿನ ಸೆನೆಟ್ ಮುಂದೆ ಒಪ್ಪಿಕೊಂಡರು. ಸರ್ಕಾರದ ಕ್ರೀಡಾ ನಿಯಮಗಳಿಂದ ಪಾರಾಗುವ ಲೆಕ್ಕಾಚಾರ ಅದು, ಸತ್ಯದ ಮೇಲಿನ ಪ್ರೀತಿಯೇನಲ್ಲ. ಅದಕ್ಕೂ ಎರಡು ವರ್ಷ ಮೊದಲು ಅದೇ ರಾಜ್ಯದಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ರಿಂಗಿನಲ್ಲಿ ಬದ್ಧ ವೈರಿಗಳಾದ ಜಿಮ್ ಡಗ್ಗನ್ ಮತ್ತು ಐರನ್ ಶೇಖ್ ಒಳಗೆ ಜೊತೆಯಲ್ಲೇ ಕೂತಿದ್ದರು! ಸುದ್ದಿ ಪತ್ರಿಕೆಗೆ ಬಂತು, ಇಬ್ಬರ ಕೆಲಸವೂ ಹೋಯಿತು. ಆಗ ಗುಟ್ಟಿಗೆ ಅಷ್ಟು ಬೆಲೆ ಇತ್ತು. ಈಗ ಟಿಕೆಟ್ ಕೊಳ್ಳುವವನಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಕೂಗುತ್ತಾನೆ. ಅವನಿಗೆ ನೀವು ಯಾವ ಮೋಸವನ್ನೂ ಮಾಡುತ್ತಿಲ್ಲ.

ತಂದೆಯವರ ವಿಷಯ ಇಷ್ಟು ಸಲೀಸಲ್ಲ. ದಯವಿಟ್ಟು ಅವರ ಮುಂದೆ ‘ಇದೂ ಕುಸ್ತಿಯೇ’ ಎಂದು ವಾದ ಹೂಡಬೇಡಿ. ನಿಕಾಲಿ ಕುಸ್ತಿ ಆಡಿದವರಿಗೆ ಆ ಮಾತು ನೋಯುತ್ತದೆ, ನೋಯಲೂ ಬೇಕು. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಲೇಬೇಕು ಎಂದು ವರ್ಷಗಟ್ಟಲೆ ಸಾಮು ತೆಗೆದವರು ಅವರು. ನಿಮ್ಮದು ಕಂಪನಿ ನಾಟಕಕ್ಕೆ ಹತ್ತಿರದ ಕೆಲಸ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬೆಳೆದ ಗದಗಿನಲ್ಲಿ ಅದನ್ನು ಯಾರೂ ಕೀಳೆಂದು ಎಣಿಸಬಾರದು. ರಾತ್ರಿ ದುರ್ಯೋಧನನಾದವನನ್ನು ಬೆಳಿಗ್ಗೆ ಚಹಾದಂಗಡಿಯಲ್ಲಿ ಯಾರಾದರೂ ಸುಳ್ಳುಗಾರ ಅಂದಿದ್ದಾರೆಯೇ?

ಇನ್ನೊಂದು ಮಾತು. ತಂದೆಯವರ ಗರಡಿಯಲ್ಲಿ ಹನುಮಪ್ಪನ ಪಕ್ಕ ದಾರಾ ಸಿಂಗ್ ಫೋಟೋ ಇತ್ತು ಎಂದು ನೀವೇ ಬರೆದಿದ್ದೀರಿ. ದಾರಾ ಸಿಂಗ್ 1968ರಲ್ಲಿ ಬೊಂಬಾಯಿಯಲ್ಲಿ ಅಮೆರಿಕದ ಲೂ ಥೆಸ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಅನ್ನಿಸಿಕೊಂಡರಲ್ಲ, ಅದು ನಿಮ್ಮ ಧಂದೆಯ ಕಣವೇ. ಕಿಂಗ್ ಕಾಂಗ್ ಎಂಬ ರೆಸ್ಲರ್ ಜೊತೆಗಿನ ಆ ಹೆಸರುವಾಸಿ ಸೆಣಸಾಟಗಳೂ ಅಷ್ಟೇ. ಹಾಗಂತ ದಾರಾ ಸಿಂಗರಿಗೆ ನಿಜವಾದ ಪಟ್ಟು ಬರುತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಬರುತ್ತಿತ್ತು, ಥೆಸ್‌ಗೂ ಬರುತ್ತಿತ್ತು. ಇದನ್ನು ತಂದೆಯವರಿಗೆ ಹೇಳುವ ದಿನ ಬಂದರೆ ಮೆಲ್ಲಗೆ ಹೇಳಿ, ಮತ್ತು ಊಟದ ಹೊತ್ತಲ್ಲಿ ಬೇಡ.

ಇನ್ನು ಮನೆಯವರು, ಅಂದರೆ ನಿಮ್ಮ ಹೆಂಡತಿ. ನನಗೆ ನಿಜಕ್ಕೂ ಚಿಂತೆ ಇರುವುದು ಇಲ್ಲೇ. ನಿಮ್ಮ ಪತ್ರದ ನಡುವೆ ಒಂದು ಸಾಲು ಸುಮ್ನೆ ಬಂದು ಹೋಗಿದೆ: ‘ಎರಡು ತಿಂಗಳಿಂದ ಕುತ್ತಿಗೆ ಹಿಡಿದುಕೊಂಡಿದೆ, ಬಲಗೈ ಬೆರಳು ಜೋಮು.’ ಆ ಸಾಲೇ ಪತ್ರದ ಮೊದಲ ಸಾಲಾಗಬೇಕಿತ್ತು. ಗರಡಿಯ ಮಣ್ಣನ್ನು ಅಗೆದು, ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುತ್ತಾರೆ. ನಿಮ್ಮ ರಿಂಗಿನ ಕೆಳಗೆ ಇರುವುದು ಕಬ್ಬಿಣದ ಚೌಕಟ್ಟು, ಮರದ ಹಲಗೆ, ತೆಳ್ಳನೆಯ ಫೋಮ್, ಮೇಲೊಂದು ಕ್ಯಾನ್ವಾಸ್. ಗದ್ದ ಎದೆಗೊತ್ತಿ, ಬೆನ್ನೆಲ್ಲ ಒಟ್ಟಿಗೆ ತಾಗುವಂತೆ ಬಿದ್ದು, ಕೈ ಅಗಲಿಸಿ ಬಡಿಯುವುದನ್ನು ನಿಮಗೆ ಕಲಿಸಿರುತ್ತಾರೆ. ಹಾಗೆ ಬಿದ್ದರೆ ಪೆಟ್ಟು ಹಂಚಿಹೋಗುತ್ತದೆ. ಇಲ್ಲವಾಗುವುದಿಲ್ಲ. 1994ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ರಿಂಗಿನ ಹಗ್ಗಕ್ಕೆ ತಲೆ ಸಿಕ್ಕಿ ಮಿಕ್ ಫೋಲಿ ಎಂಬ ರೆಸ್ಲರ್ ಒಂದು ಕಿವಿಯ ಬಹುಪಾಲನ್ನೇ ಕಳೆದುಕೊಂಡರು. 1999ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಛಾವಣಿಯಿಂದ ರಿಂಗಿಗೆ ಇಳಿಯುವ ಆಟದಲ್ಲಿ ಬಿದ್ದು ಓವನ್ ಹಾರ್ಟ್ ಎಂಬ ಇನ್ನೊಬ್ಬ ರೆಸ್ಲರ್ ಸತ್ತೇ ಹೋದರು. ಕುಸ್ತಿ ಸುಳ್ಳಿರಬಹುದು, ಬೀಳುವುದು ಸುಳ್ಳಲ್ಲ.

ನಾಳೆ ಮುಂಬೈನ ಯಾವುದೋ ಆಸ್ಪತ್ರೆಯಿಂದ ಫೋನ್ ಬಂದರೆ ಆಪರೇಷನ್ ಕಾಗದಕ್ಕೆ ಸಹಿ ಹಾಕಬೇಕಾದವರು ನಿಮ್ಮ ಹೆಂಡತಿ. ಆಡಿಟ್ ತರಬೇತಿಯಲ್ಲಿ ಕುತ್ತಿಗೆ ಮುರಿಯುವುದು ಹೇಗೆ ಎಂದು ಅವರು ಯಾರನ್ನು ಕೇಳಬೇಕು? ವಿಮೆಯನ್ನೂ ನೋಡಿ. ಅಪಾಯದ ಆಟವನ್ನು ದುಡ್ಡಿಗೆ ಆಡಿ ಆದ ಗಾಯಕ್ಕೆ ಎಷ್ಟೋ ಪಾಲಿಸಿಗಳು ಹಣ ಕೊಡುವುದಿಲ್ಲ. ಕೆಲಸದ ಕಾಲಂನಲ್ಲಿ ಕ್ಯಾಷಿಯರ್ ಎಂದಷ್ಟೇ ಬರೆದಿದ್ದರಂತೂ ತಕರಾರು ಗ್ಯಾರಂಟಿ. ಹಾಗೇ, ಆ ಸಂಪಾದನೆಯನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿ. ಸಂಘದಲ್ಲಿ ಹೊರಗೆ ದುಡಿಯಲು ಅನುಮತಿ ಬೇಕೇ ಎಂದು ಸೇವಾ ನಿಯಮ ಓದಿಕೊಳ್ಳಿ. ನಗದು ಎಣಿಸುವವರ ಕೈಗೆ ಬೇರೆ ಕಡೆಯಿಂದ ದುಡ್ಡು ಬಂದರೆ ಜನ ಬೇರೆಯೇ ಮಾತಾಡುತ್ತಾರೆ.

ಮೆಕ್ಸಿಕೋದಲ್ಲಿ ಎಲ್ ಸಾಂತೋ ಎಂಬ ಕುಸ್ತಿಪಟು ಇದ್ದ. ಅವನ ಬೆಳ್ಳಿ ಮುಸುಕಿನ ಹಿಂದಿನ ಮುಖವನ್ನು ದಶಕಗಟ್ಟಲೆ ಊರಿಗೆ ಊರೇ ಕಂಡಿರಲಿಲ್ಲ. 1984ರಲ್ಲಿ ಸತ್ತಾಗ ಮುಸುಕಿನಲ್ಲೇ ಮಣ್ಣು ಮಾಡಿದರು. ಆದರೆ ಮನೆಯಲ್ಲಿ ಅವನು ಮುಸುಕಿನವನಾಗಿರಲಿಲ್ಲ. ಮಗನೇ ಅದೇ ಮುಸುಕು ಹಾಕಿ ಕಣಕ್ಕಿಳಿದ. ಅಲ್ಲೇ ಫ್ರೈ ತೊರ್ಮೆಂತಾ ಎಂಬ ಪಾದ್ರಿ ಅನಾಥ ಮಕ್ಕಳನ್ನು ಸಾಕಲು ಮುಸುಕು ಹಾಕಿ 23 ವರ್ಷ ಕುಸ್ತಿ ಆಡಿದರು. ಗುಟ್ಟು ರಟ್ಟಾದ ಮೇಲೂ ಜನ ಅವರನ್ನು ಕೈಬಿಡಲಿಲ್ಲ.

ಹಾಗಾಗಿ ಈ ವಾರವೇ ಮನೆಯವರಿಗೆ ಹೇಳಿ, ಸುತ್ತಿ ಬಳಸಬೇಡಿ. ಸಿಟ್ಟಾಗುತ್ತಾರೆ. ಅವರಿಗೆ ಸಿಟ್ಟು ಬರುವುದು ರೆಸ್ಲಿಂಗ್‌ಗಿಂತ ಜಾಸ್ತಿ ಆ ಆಡಿಟ್ ಮಾತಿಗೆ, ಅದಕ್ಕೆ ಎದುರುತ್ತರ ಕೊಡಬೇಡಿ. ನಂತರ ಇಬ್ಬರೂ ಕೂಡಿ ಹುಬ್ಬಳ್ಳಿಗೆ ಹೋಗಿ, ಒಳ್ಳೆಯ ನರರೋಗ ವೈದ್ಯರಿಗೆ ಕುತ್ತಿಗೆ ತೋರಿಸಿ. ವೈದ್ಯರು ಹೂಂ ಅನ್ನುವವರೆಗೆ ಶನಿವಾರದ ರೈಲು ಬೇಡ. ತಂದೆಯವರಿಗೆ ಯಾವಾಗ ಹೇಳಬೇಕು ಎನ್ನುವುದನ್ನು ಮನೆಯವರಿಗೇ ಬಿಡಿ, ಸೊಸೆಗೆ ಮಾವನ ಮೂಡು ಚೆನ್ನಾಗಿ ಗೊತ್ತಿರುತ್ತದೆ.

ಮಗನಿಗೆ ಮಾತ್ರ ಸದ್ಯ ಬೇಡ. ಅವನಿಗೆ ಗೊತ್ತಾದರೆ ಮಧ್ಯಾಹ್ನದ ಬಿಸಿಯೂಟದೊಳಗೆ ಇಡೀ ಶಾಲೆಗೆ ಗೊತ್ತಾಗುತ್ತದೆ, ಸಂಜೆ ಸಂಘದ ಕೌಂಟರಿನಲ್ಲಿ ಪಾಲಕರ ಪಾಳಿ.