ಮನೆ ಮುಂದಿನ ಗರಿಕೆ, ಕೈಯಲ್ಲಿ ತಳ್ಳುವ ಮಷಿನ್

ಕರೆಂಟು, ಪೆಟ್ರೋಲು ಯಾವುದೂ ಬೇಡದ, ಕೈಯಲ್ಲಿ ತಳ್ಳುವ ಹುಲ್ಲು ಕತ್ತರಿಸುವ ಮಷಿನ್ ಬಗ್ಗೆ ಕಳೆದ ತಿಂಗಳು ಈ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವು. ಬಹಳ ಖುಷಿಯಾಯಿತು. ರಾಯಚೂರು ಜಿಲ್ಲೆಯ ಒಂದು ಕಾಲೊನಿಯ ತೋಟದ ವಿಭಾಗದಲ್ಲಿ ನಿವೃತ್ತಿಯಾಗುವ ತನಕ ಇದೇ ಮಷಿನ್ ತಳ್ಳಿ, ಬಿಚ್ಚಿ, ಸಾಣೆ ಹಿಡಿದು ಕೆಲಸ ಮಾಡಿದವನು ನಾನು. ನಮ್ಮ ಬಿಸಿಲಿಗೆ, ನಮ್ಮ ಮಣ್ಣಿಗೆ ಏನು ಹೊಂದುತ್ತದೋ ಅದನ್ನೇ ಹೇಳುತ್ತೇನೆ.

ಪ್ರಶ್ನೆ: 14 ಇಂಚಿನ ಹೊಸ ಮಷಿನ್ ತಂದಿದ್ದೇವೆ. ತಳ್ಳಲು ವಿಪರೀತ ಭಾರ. ಅಷ್ಟು ಕಷ್ಟಪಟ್ಟರೂ ಹುಲ್ಲು ಸರಿಯಾಗಿ ಕತ್ತರಿಸುವುದಿಲ್ಲ. ಎರಡು ದಿನಕ್ಕೆ ತುದಿಯೆಲ್ಲ ಬಿಳಿಚಿಕೊಳ್ಳುತ್ತದೆ. ‘ಹೊಸದರಲ್ಲಿ ಹೀಗೇ, ಆಮೇಲೆ ಸಡಿಲ ಆಗುತ್ತೆ’ ಅಂತಾರೆ ಅಂಗಡಿಯವರು. ನಿಜವೇ?
– ಗೃಹಿಣಿ, ಗಾಂಧಿನಗರ, ಬಳ್ಳಾರಿ

ತಾನಾಗಿ ಸಡಿಲ ಆಗುವುದಿಲ್ಲ, ಅಕ್ಕಾವರೇ. ಹಾಗೇ ತಳ್ಳುತ್ತಾ ಹೋದರೆ ಬ್ಲೇಡಿನ ಅಂಚು ಸವೆಯುತ್ತದೆ, ನಿಮ್ಮ ತೋಳು ನೋಯುತ್ತದೆ. ಇದನ್ನು ನೀವೇ ಮನೆಯಲ್ಲಿ ಸರಿಮಾಡಬಹುದು.

ಮಷಿನ್ ಒಮ್ಮೆ ಮಗುಚಿ ಇಟ್ಟು ನೋಡಿ. ತಿರುಗುವ ಉರುಳೆಯಲ್ಲಿ ಐದೋ ಆರೋ ತಿರುಚಿದ ಬ್ಲೇಡುಗಳಿವೆ. ಅದಕ್ಕೆ ರೀಲ್ ಅನ್ನುತ್ತಾರೆ. ಅದರ ಕೆಳಗೆ ಅಲುಗಾಡದ ಒಂದು ಉಕ್ಕಿನ ಪಟ್ಟಿ ಇದೆ. ಚಕ್ರ ಉರುಳಿದರೆ ರೀಲ್ ತಿರುಗುತ್ತದೆ. ಬ್ಲೇಡು ಹುಲ್ಲನ್ನು ಪಟ್ಟಿಯ ಕಡೆಗೆ ತಂದು, ಎರಡೂ ಅಂಚುಗಳ ನಡುವೆ ಕತ್ತರಿಸುತ್ತದೆ. ಪೂರಾ ಕತ್ತರಿಯ ಕೆಲಸವೇ ಇದು. ಸಾಮಾನ್ಯವಾಗಿ ಸಿಗುವ ಕರೆಂಟಿನ ಮಷಿನ್ ಹಾಗಲ್ಲ. ಅದು ಹುಲ್ಲಿಗೆ ಜೋರಾಗಿ ಬಡಿದು ತುಂಡು ಮಾಡುತ್ತದೆ.

ಬ್ಲೇಡು ಪಟ್ಟಿಯನ್ನು ಸವರಿದ ಹಾಗೆ ತಾಗಬೇಕು, ಒತ್ತಬಾರದು. ನಿಮ್ಮ ಮಷಿನ್‌ನಲ್ಲಿ ಭಾರವೂ ಇದೆ, ಹುಲ್ಲೂ ಹರಿಯುತ್ತಿದೆ. ಅಂದರೆ ಒಂದು ತುದಿಯಲ್ಲಿ ಬಿಗಿ ಜಾಸ್ತಿ, ಇನ್ನೊಂದು ತುದಿಯಲ್ಲಿ ಸಂದು ಬಿಟ್ಟಿದೆ ಅಂತ ನನ್ನ ಲೆಕ್ಕ. ಬಿಗಿ ಇರುವ ಕಡೆ ಉಕ್ಕಿಗೆ ಉಕ್ಕು ಉಜ್ಜಿ ನಿಮ್ಮ ಶಕ್ತಿ ತಿನ್ನುತ್ತದೆ. ಸಂದು ಇರುವ ಕಡೆ ಹುಲ್ಲು ಮಡಚಿಕೊಂಡು ಜಗಿದ ಹಾಗಾಗುತ್ತದೆ. ಜಗಿದ ತುದಿಯೇ ಒಣಗಿ ಬೆಳ್ಳಗಾಗೋದು.

ಪರೀಕ್ಷೆಗೆ ಹಳೆ ಪೇಪರ್ ಸಾಕು. ಎರಡು ಬೆರಳು ಅಗಲದ ಉದ್ದ ತುಂಡು ಮಾಡಿ. ಬ್ಲೇಡಿಗೂ ಪಟ್ಟಿಗೂ ನಡುವೆ ಹಿಡಿದು ರೀಲನ್ನು ನಿಧಾನ ತಿರುಗಿಸಿ. ರೀಲನ್ನು ಬೆರಳಿನಿಂದ ತಿರುಗಿಸಲೇಬೇಡಿ, ಒಂದು ಕಟ್ಟಿಗೆ ತುಂಡಿನಿಂದ ತಳ್ಳಿ. ದಪ್ಪ ಗ್ಲೌಸ್ ಇದ್ದರೆ ಹಾಕಿಕೊಳ್ಳಿ. ಎಡ ತುದಿ, ನಡುವೆ, ಬಲ ತುದಿ, ಮೂರೂ ಕಡೆ ನೋಡಿ. ಎಲ್ಲ ಬ್ಲೇಡಿಗೂ ಮಾಡಿ. ಪೇಪರ್ ಕಚಕ್ ಅಂತ ಕತ್ತರಿಸಿದರೆ ಸರಿ ಇದೆ. ಮಡಚಿಕೊಂಡರೆ ಅಲ್ಲಿ ಸಂದು ಇದೆ. ಕತ್ತರಿಸಿಯೂ ರೀಲ್ ಗರಗರ ಅಂತ ಕಷ್ಟದಲ್ಲಿ ತಿರುಗಿದರೆ ಅಲ್ಲಿ ಬಿಗಿ ಇದೆ.

ಪಟ್ಟಿಯ ಎರಡೂ ತುದಿಯಲ್ಲಿ ಸ್ಕ್ರೂಗಳಿರುತ್ತವೆ. ಬಹಳಷ್ಟು ಮಷಿನ್‌ಗಳಲ್ಲಿ ಒಂದೊಂದು ಕಡೆ ಜೋಡಿ ಸ್ಕ್ರೂ. ಒಂದು ಬಿಗಿ ಮಾಡುವ ಮುಂಚೆ ಅದರ ಜೋಡಿಯನ್ನು ಸಡಿಲಿಸಬೇಕು. ಇದು ಗೊತ್ತಿಲ್ಲದೆ ಸ್ಪ್ಯಾನರ್ ಹಾಕಿ ಒತ್ತಿದರೆ ಸ್ಕ್ರೂ ಹಲ್ಲು ಹೋಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ, ಮತ್ತೆ ಪೇಪರ್ ಇಡಿ. ಅವಸರ ಬೇಡ. ಸರಿಹೋದ ಮೇಲೆ ರೀಲ್ ತಿರುಗುವಾಗ ಸಣ್ಣಗೆ ಸುಯ್ ಅನ್ನುವ ಸದ್ದು ಒಂದೇ ಸಮ ಬರುತ್ತದೆ. ಆಗ ಆ ಮಷಿನ್ ನಿಮ್ಮ ಅತ್ತೆಯವರೂ ತಳ್ಳಬಹುದು. ಸುಮ್ನೆ ಹೇಳುತ್ತಿಲ್ಲ. ಹಳೆ ಮಷಿನ್ ಭಾರ ಅಂತ ಮೂಲೆಗೆ ತಳ್ಳಿದ ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿಕೊಟ್ಟೇ ಅದನ್ನು ಮತ್ತೆ ಹೊರಗೆ ತರಿಸಿದ್ದೇನೆ.

ಪ್ರಶ್ನೆ: ಚಕ್ರ ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಜೋಡಿಸಿದೆ. ಈಗ ಮುಂದೆ ತಳ್ಳಿದರೆ ಚಕ್ರ ಉರುಳುತ್ತದೆ, ಬ್ಲೇಡು ತಿರುಗುವುದೇ ಇಲ್ಲ. ಹಿಂದಕ್ಕೆ ಎಳೆದರೆ ತಿರುಗುತ್ತದೆ!
– ಓದುಗರು, ಸಿಂಧನೂರು

ಏನೂ ಮುರಿದಿಲ್ಲ ತಮ್ಮಾ, ಗಾಬರಿ ಬೇಡ. ಚಕ್ರದ ಒಳಗಿನ ಸಣ್ಣ ಹಲ್ಲುಚಕ್ರ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಸೇರಿದೆ. ಅದರ ಜೊತೆ ಒಂದು ಸಣ್ಣ ಉಕ್ಕಿನ ತುಂಡು ಇರುತ್ತದೆ. ಮುಂದೆ ತಳ್ಳುವಾಗ ಅದು ಹಲ್ಲಿಗೆ ಕಚ್ಚಿಕೊಂಡು ರೀಲ್ ತಿರುಗಿಸುತ್ತದೆ. ಹಿಂದೆ ಎಳೆಯುವಾಗ ಟಕಟಕ ಅಂತ ಜಾರುತ್ತದೆ. ಸೈಕಲ್ ಫ್ರೀವ್ಹೀಲ್ ಇದ್ದ ಹಾಗೆ. ಎರಡನ್ನೂ ಅದಲು ಬದಲು ಮಾಡಿ ಹಾಕಿ. ಮುಂದೆ ಬಿಚ್ಚುವಾಗ ಒಂದು ಕಡೆ ಪೂರ್ತಿ ಜೋಡಿಸಿದ ಮೇಲೆಯೇ ಇನ್ನೊಂದು ಕಡೆ ಬಿಚ್ಚಿ. ಇನ್ನೊಂದು ಮಾತು. ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸಾಕು. ನಮ್ಮ ಎರೆಮಣ್ಣಿನ ಧೂಳು ದಪ್ಪ ಗ್ರೀಸ್‌ಗೆ ಸೇರಿದರೆ ಒಳಗೇ ಗಟ್ಟಿಯಾಗಿ ಆ ಸಣ್ಣ ತುಂಡು ಅಲ್ಲಾಡದೆ ಕೂರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಹುಲ್ಲು ಮೊಣಕಾಲಿನ ಹತ್ತಿರ ಬಂದಿದೆ. ಮಷಿನ್ ಹಾಕಬಹುದೇ?
– ಶಿಕ್ಷಕರು, ಗಂಗಾವತಿ

ಹಾಕಬೇಡಿ, ಸರ್. ರೀಲಿನ ನಡುವಿನ ಅಚ್ಚಿಗಿಂತ ಎತ್ತರದ ಹುಲ್ಲು ಬ್ಲೇಡಿಗೆ ಸಿಗುವುದಿಲ್ಲ. ಮುಂದಕ್ಕೆ ಬಾಗಿ ಮಲಗುತ್ತದೆ, ಮಷಿನ್ ಮೇಲೆ ಹಾದುಹೋದ ಮೇಲೆ ಎದ್ದು ನಿಲ್ಲುತ್ತದೆ. ತೆನೆ ಬಂದ ಕಡ್ಡಿಗಳೂ ಹಾಗೇ ತಪ್ಪಿಸಿಕೊಳ್ಳುತ್ತವೆ.

ಮೊದಲು ಕುಡುಗೋಲಿನಿಂದ ಮೇಲಿನ ಮೂರನೇ ಒಂದು ಭಾಗ ಮಾತ್ರ ಇಳಿಸಿ, ಮೂರ್ನಾಲ್ಕು ದಿನ ಬಿಡಿ. ಹೀಗೇ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ. ಮೂರು ಇಂಚಿಗೆ ಬಂದ ಮೇಲೆ ಮಷಿನ್ ಅನ್ನು ಅತಿ ಎತ್ತರದ ಗುರುತಿಗೆ ಇಟ್ಟು ತಳ್ಳಿ. ಒಂದೇ ದಿನ ಬುಡಕ್ಕೆ ಕತ್ತರಿಸಿದರೆ ಹಸಿರೆಲ್ಲ ಹೋಗಿ ಒಣ ಕಾಂಡ ಉಳಿಯುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು ಅನ್ನುವುದು ಎಲ್ಲ ಕಡೆಯ ಲೆಕ್ಕ. ಮಳೆ ಇರುವಾಗ ಗರಿಕೆಗೆ ವಾರಕ್ಕೊಮ್ಮೆಯಾದರೂ ಮಷಿನ್ ಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಅದರ ಬೆಳವಣಿಗೆ ನಿಧಾನ, ಆಗ ನೀವೂ ನಿಧಾನ ಮಾಡಿ.

ಪ್ರಶ್ನೆ: ಬೇಸಿಗೆಯಲ್ಲಿ ಲಾನ್ ಉಳಿಸಿಕೊಳ್ಳುವುದು ಹೇಗೆ? ಬುಡಕ್ಕೆ ಕತ್ತರಿಸಿದರೆ ನೀರು ಕಮ್ಮಿ ಸಾಕು ಅನ್ನುತ್ತಾರೆ. ನಮ್ಮದು ಬೋರ್ ನೀರು, ಸ್ವಲ್ಪ ಸವಳು.
– ನಿವೃತ್ತ ನೌಕರರು, ರಾಯಚೂರು

ಆ ಮಾತು ತಪ್ಪು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬುಡಕ್ಕೆ ಕತ್ತರಿಸಿದರೆ ಬಿಸಿಲು ನೇರ ಮಣ್ಣಿಗೇ ಬೀಳುತ್ತದೆ, ಮಣ್ಣು ಬೇಗ ಒಣಗುತ್ತದೆ, ಬೇರು ಮೇಲೇ ಉಳಿಯುತ್ತದೆ. ಮಳೆಗಾಲದಲ್ಲಿ ಒಂದು ಇಂಚಿಗೆ ಕತ್ತರಿಸುವವರು ಬೇಸಿಗೆಯಲ್ಲಿ ಒಂದೂವರೆಯಿಂದ ಎರಡು ಇಂಚು ಬಿಡಿ. ಮಷಿನ್ ಕೊಳ್ಳುವಾಗಲೇ ಎಷ್ಟು ಎತ್ತರಕ್ಕೆ ಏರಿಸಬಹುದು ಅಂತ ಕೇಳಿ. ಕೆಲವು ಮಷಿನ್ ಒಂದೂವರೆ ಇಂಚಿಗೇ ನಿಲ್ಲುತ್ತವೆ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 10 ಅಡಿ ಅಗಲ, 10 ಅಡಿ ಉದ್ದದ ಜಾಗಕ್ಕೆ ಒಂದು ಇಂಚು ನೀರು ಅಂದರೆ ಸುಮಾರು 235 ಲೀಟರ್. ವಾರಕ್ಕೆ ಅಷ್ಟಾದರೂ ಬೇಕು, ಕಡು ಬಿಸಿಲಿಗೆ ಇನ್ನೂ ಸ್ವಲ್ಪ ಹೆಚ್ಚು. ದಿನಾ ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ, ಬೆಳಿಗ್ಗೆ ಬೇಗ, ಆಳಕ್ಕೆ ಇಳಿಯುವ ಹಾಗೆ ಕೊಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮ ಕಡೆಯವರೆಲ್ಲ ಎಷ್ಟು ತಳಮಳಪಟ್ಟೆವು ಅಂತ ನಿಮಗೆ ಗೊತ್ತಲ್ವಾ. ಕುಡಿಯುವ ನೀರಿಗೇ ಕಷ್ಟ ಇರುವ ಬೇಸಿಗೆಯಲ್ಲಿ ಹುಲ್ಲಿಗೆ ನೀರು ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಗರಿಕೆ ನೀರಿಲ್ಲದೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೂ ಒಳಗೆ ಜೀವ ಹಿಡಿದಿರುತ್ತದೆ. ಮೊದಲ ದೊಡ್ಡ ಮಳೆಗೆ ಚಿಗುರುತ್ತದೆ. ಹಾಗೆ ಒಣಗಿರುವಾಗ ಮಷಿನ್ ಹಾಕದಿದ್ದರೆ ಸಾಕು. ಸವಳು ನೀರನ್ನೂ ಅದು ಬೇರೆ ಎಷ್ಟೋ ಹುಲ್ಲಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದ್ದರಿಂದಲೇ ನಮ್ಮ ಮೂರು ಜಿಲ್ಲೆಗೆ ಲಾನ್ ಅಂದರೆ ಗರಿಕೆಯೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕತ್ತರಿಸಿದ ತುಂಡುಗಳನ್ನು ಗುಡಿಸಬೇಡಿ. ಚಿಕ್ಕ ತುಂಡು ಬೇಗ ಕೊಳೆತು ಮಣ್ಣಿಗೆ ಸಾರಜನಕ ಕೊಡುತ್ತದೆ.

ಪ್ರಶ್ನೆ: ಮೆಕ್ಸಿಕನ್ ಹುಲ್ಲಿಗೆ ಈ ಮಷಿನ್ ಆಗುತ್ತದೆಯೇ?
– ಓದುಗರು, ಕೊಪ್ಪಳ

ಕಷ್ಟ. ಅದು ದಟ್ಟವಾಗಿ, ದಿಬ್ಬ ದಿಬ್ಬವಾಗಿ ಬೆಳೆಯುತ್ತದೆ, ಚಕ್ರ ಸಮ ಓಡುವುದಿಲ್ಲ. ಅದಕ್ಕೆ ಕೈಕತ್ತರಿಯೇ ಸರಿ.

ಪ್ರಶ್ನೆ: ನಾನು ಜೀನ್ಸ್ ಹೊಲಿಗೆ ಕೆಲಸದವನು. ಈ ಮಷಿನ್ ಬಟ್ಟೆ ಮಿಲ್ಲಿನಿಂದ ಬಂತು ಅಂತ ಯಾರೋ ಹೇಳಿದರು. ಹೌದಾ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಹೌದು, ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಸುತ್ತ ಉಣ್ಣೆ ಬಟ್ಟೆಯ ಮಿಲ್ಲುಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದ ನವಿರಾದ ಎಳೆಗಳನ್ನು ಒಂದೇ ಸಮ ಕತ್ತರಿಸಲು ಅಲ್ಲಿ ಬ್ಲೇಡು ಸುತ್ತಿದ ಉರುಳೆಯ ಮಷಿನ್ ಇತ್ತು. ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ಅದೇ ಉಪಾಯವನ್ನು ಹುಲ್ಲಿಗೆ ತಂದ. 1830ರಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿಯ ತನಕ ಲಾನ್ ಕತ್ತರಿಸಲು ಉದ್ದ ಹಿಡಿಯ ಕುಡುಗೋಲು ಬೀಸಬೇಕಿತ್ತು, ಅದಕ್ಕೆ ನುರಿತ ಆಳು ಬೇಕಿತ್ತು. ಬಡ್ಡಿಂಗ್‌ನ ಮಷಿನ್‌ಗೆ ಹಿಂದೆ ತಳ್ಳುವವನಿಗೆ ಒಂದು ಹಿಡಿ, ಮುಂದೆ ಎಳೆಯುವವನಿಗೆ ಇನ್ನೊಂದು. ಎರಕದ ಕಬ್ಬಿಣ, ಅಷ್ಟು ಭಾರ. ತೂಕ ಇಳಿದಿದೆ, ಉರುಳೆ ಮತ್ತು ಪಟ್ಟಿಯ ಲೆಕ್ಕ ಇಂದಿಗೂ ಅದೇ. ಹೊಲಿಗೆಯವರ ಕೈಗೆ ಕತ್ತರಿಯ ಹದ ಚೆನ್ನಾಗಿ ಗೊತ್ತಿರುತ್ತದೆ. ಈ ಮಷಿನ್ ನಿಮಗೆ ಬೇಗ ಒಗ್ಗುತ್ತದೆ.

ಪ್ರಶ್ನೆ: ನಮ್ಮ ಅಂಗಳದಲ್ಲಿ ಕಲ್ಲು ಜಾಸ್ತಿ. ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಸಸಿ ಬೇರೆ. ಎದುರು ಮನೆಯ ಬೇವಿನ ಕಡ್ಡಿಗಳೂ ಬೀಳುತ್ತವೆ. ರೀಲ್ ಪದೇ ಪದೇ ನಿಲ್ಲುತ್ತದೆ.
– ಗೃಹಿಣಿ, ತೋರಣಗಲ್ಲು

ಮಷಿನ್ ತೆಗೆಯುವ ಮುಂಚೆ ಒಂದು ಸಲ ನಡೆದು ಕಡ್ಡಿ, ಕಲ್ಲು ಆರಿಸಿ. ಪೆನ್ಸಿಲ್ ದಪ್ಪದ ಬೇವಿನ ಕಡ್ಡಿ ಸಾಕು ರೀಲ್ ನಿಲ್ಲಲು. ನಿಂತ ಕೂಡಲೇ ಜೋರು ಮಾಡಿ ತಳ್ಳಬೇಡಿ. ಹಿಂದಕ್ಕೆ ಎಳೆದು, ಕಟ್ಟಿಗೆಯಿಂದ ಕಡ್ಡಿ ಬಿಡಿಸಿ. ಕೈ ಹಾಕಬೇಡಿ. ಸಿಕ್ಕಿಕೊಂಡದ್ದು ಬಿಟ್ಟ ಕ್ಷಣ ರೀಲ್ ತಟ್ಟನೆ ತಿರುಗುತ್ತದೆ, ಬೆರಳಿಗೆ ಅದು ಸಾಕು. ಮಕ್ಕಳಿಗೂ ಇದನ್ನು ಹೇಳಿಕೊಡಿ.

ನೆಗ್ಗಿಲನ್ನು ಕಾಯಿ ಬಲಿಯುವ ಮುಂಚೆ, ಹಳದಿ ಹೂ ಕಂಡಾಗಲೇ ಬೇರು ಸಮೇತ ಕೀಳಬೇಕು. ಜಾಲಿ ಸಸಿಯನ್ನು ಕತ್ತರಿಸಿದರೆ ಬುಡದಿಂದ ಮತ್ತೆ ಒಡೆಯುತ್ತದೆ. ಮಳೆ ಬಂದ ಮರುದಿನ ಗುದ್ದಲಿ ಹಾಕಿ ಬೇರು ತೆಗೆಯಿರಿ. ಆದರೆ ಹಸಿ ಎರೆಮಣ್ಣಿನಲ್ಲಿ ಮಷಿನ್ ಮಾತ್ರ ಬೇಡ. ಚಕ್ರಕ್ಕೆ ಮಣ್ಣು ಮೆತ್ತಿ ಉರುಳುವ ಬದಲು ಎಳೆದುಕೊಂಡು ಹೋಗುತ್ತದೆ, ಆಗ ರೀಲೂ ತಿರುಗುವುದಿಲ್ಲ. ಹುಲ್ಲು, ನೆಲ ಎರಡೂ ಒಣಗಿರಬೇಕು. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಚಕ್ರ ಸಿಕ್ಕಿಕೊಳ್ಳುವವರು ಮುಂಗಾರಿಗೆ ಮುಂಚೆ ಮರಳು, ಜರಡಿ ಹಿಡಿದ ತಿಪ್ಪೆ ಗೊಬ್ಬರ ಸೇರಿಸಿ ತೆಳ್ಳಗೆ ಹರಡಿ.

ಪ್ರಶ್ನೆ: ಗಣೇಶ ಹಬ್ಬಕ್ಕೆ ಲಾನಿನ ಗರಿಕೆಯನ್ನೇ ಕೀಳಬಹುದೇ?
– ಗೃಹಿಣಿ, ಲಿಂಗಸುಗೂರು

ಖಂಡಿತ. ಆದರೆ ಮಷಿನ್ ತುದಿಯನ್ನೇ ತೆಗೆಯುತ್ತದೆ. ಹಬ್ಬಕ್ಕೆ ಒಂದು ತಿಂಗಳು ಮುಂಚಿನಿಂದ ಗೋಡೆ ಪಕ್ಕ ಒಂದು ಮೊಳ ಜಾಗ ಕತ್ತರಿಸದೆ ಬಿಡಿ. 21 ಗರಿಕೆಯೇನು, ಓಣಿಗೆಲ್ಲ ಸಾಕಾಗುವಷ್ಟು ಸಿಗುತ್ತದೆ. ಆ ಜಾಗಕ್ಕೆ ಔಷಧಿ ಹೊಡೆಯಬೇಡಿ.

ಪ್ರಶ್ನೆ: ಅಪ್ಪ ಬಳಸುತ್ತಿದ್ದ ಮಷಿನ್ ಅಟ್ಟದಲ್ಲಿ ತುಕ್ಕು ಹಿಡಿದಿದೆ. ಗುಜರಿಗೆ ಹಾಕಲು ಮನಸ್ಸಿಲ್ಲ. ಸಾಣೆ ಹಿಡಿಸುವುದು ಎಲ್ಲಿ?
– ಓದುಗರು, ಕುಷ್ಟಗಿ

ಗುಜರಿಗೆ ಹಾಕಬೇಡಿ. ಹಳೆಯವುಗಳ ಉಕ್ಕು ಚೆನ್ನಾಗಿರುತ್ತದೆ. ಬೇರಿಂಗ್, ಬೋಲ್ಟುಗಳಿಗೆ ಡೀಸೆಲ್ ಬಿಟ್ಟು ರಾತ್ರಿ ನೆನೆಯಲಿ. ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ. ರೀಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಮೊದಲು ಬೇರಿಂಗ್ ಬದಲಿಸಬೇಕು, ಇಲ್ಲದಿದ್ದರೆ ಸಾಣೆ ಹಿಡಿದೂ ಉಪಯೋಗವಿಲ್ಲ.

ಬ್ಲೇಡಿನಲ್ಲಿ ಆಳವಾದ ಗಾಯ ಇದ್ದರೆ ಲೇತ್ ಇರುವ ವರ್ಕ್‌ಶಾಪ್‌ಗೆ ಕೊಡಿ. ಬರೀ ಮೊಂಡಾಗಿದ್ದರೆ ಮನೆಯಲ್ಲೇ ಆಗುತ್ತದೆ. ಆಟೊಮೊಬೈಲ್ ಅಂಗಡಿಯಲ್ಲಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಿಗುತ್ತದೆ. ಸಿಂಧನೂರಿನವರಿಗೆ ಹೇಳಿದ ಹಲ್ಲುಚಕ್ರಗಳನ್ನು ಬೇಕೆಂದೇ ಅದಲು ಬದಲು ಮಾಡಿ. ಪಟ್ಟಿಯನ್ನು ಬ್ಲೇಡಿಗೆ ಮೆಲ್ಲಗೆ ತಾಗುವ ಹಾಗೆ ಇಡಿ. ಬ್ಲೇಡುಗಳ ಅಂಚಿಗೆ ಬ್ರಷ್‌ನಿಂದ ಪೇಸ್ಟ್ ಹಚ್ಚಿ ಮಷಿನ್ ಹಿಂದಕ್ಕೆ ಎಳೆಯುತ್ತಾ ಹೋಗಿ. ರೀಲ್ ಉಲ್ಟಾ ತಿರುಗುತ್ತಾ ಬ್ಲೇಡೂ ಪಟ್ಟಿಯೂ ಒಂದನ್ನೊಂದು ಮಸೆದುಕೊಳ್ಳುತ್ತವೆ. ಅಂಚಿನ ಉದ್ದಕ್ಕೂ ಹೊಳೆಯುವ ಗೆರೆ ಕಂಡರೆ ಸಾಕು. ಪೇಸ್ಟನ್ನು ಸೋಪು ನೀರಿನಲ್ಲಿ ಪೂರ್ತಿ ತೊಳೆಯಿರಿ. ಸ್ವಲ್ಪ ಉಳಿದರೂ ತಳ್ಳುವಾಗಲೆಲ್ಲ ಅಂಚನ್ನು ತಿನ್ನುತ್ತದೆ. ಹಲ್ಲುಚಕ್ರ ಮೊದಲಿನ ಹಾಗೆ ಹಾಕಿ, ಪೇಪರ್ ಪರೀಕ್ಷೆ ಮಾಡಿ, ಸ್ಕ್ರೂ ಸರಿಪಡಿಸಿ. ಬಳಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿ ಬ್ಲೇಡಿಗೆ ಎರಡು ಹನಿ ಎಣ್ಣೆ ಸವರಿ ಇಟ್ಟರೆ ಮತ್ತೆ ತುಕ್ಕು ಹಿಡಿಯುವುದಿಲ್ಲ.