ಸಂಪಾದಕರ ಉತ್ತರ: ಜೈಲನ್ನು ಕೇಳಿ ಪಡೆದ ಸ್ಪೇನಿನ ಹುಡುಗರು

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: "ಕಡ್ಡಾಯ ಸೈನ್ಯಸೇವೆಗೆ ಒಲ್ಲೆ ಎನ್ನುವವರನ್ನು ಸತ್ಯಾಗ್ರಹಿಗಳು ಅನ್ನುತ್ತೀರಿ. ತಲೆಮರೆಸಿಕೊಳ್ಳುವವನಿಗೂ ಇವರಿಗೂ ಏನು ವ್ಯತ್ಯಾಸ? ಬದಲಿಗೆ ಆಸ್ಪತ್ರೆ ಕೆಲಸ ಕೊಟ್ಟರೂ ಬೇಡವೆಂದರೆ ಅದು ಬರೀ ಹಟವಲ್ಲವೆ?"

ನಿಮ್ಮ ಎರಡನೆಯ ಪ್ರಶ್ನೆ ಗಟ್ಟಿಯಾದದ್ದು. ಅದಕ್ಕೆ ಉತ್ತರ ಸ್ಪೇನಿನಲ್ಲಿದೆ.

ಸರ್ವಾಧಿಕಾರಿ ಫ್ರಾಂಕೋನ ಆಳ್ವಿಕೆಯಲ್ಲಿ, 1971ರಲ್ಲಿ, ಪೆಪೆ ಬೆಯುನ್ಸಾ ಅಹಿಂಸೆಯ ಹೆಸರಿನಲ್ಲಿ ಸಮವಸ್ತ್ರ ನಿರಾಕರಿಸಿ ಜೈಲಿಗೆ ಹೋದರು. ಗಾಂಧೀಜಿಯ ಶಿಷ್ಯ ಲಾಂಝಾ ದೆಲ್ ವಾಸ್ತೊ ಫ್ರಾನ್ಸಿನಲ್ಲಿ ಕಟ್ಟಿದ್ದ ಆಶ್ರಮದ ಒಡನಾಟ ಅವರಿಗಿತ್ತು. 1984ರ ಕಾನೂನು ನಾಗರಿಕ ಸೇವೆಯ ದಾರಿ ತೆರೆಯಿತು, ಆದರೆ ಅದರ ಅವಧಿ ಸೈನ್ಯಸೇವೆಗಿಂತ ಉದ್ದ. ಒಲ್ಲೆ ಎಂದದ್ದಕ್ಕೆ ದಂಡ ಕಟ್ಟಿಸಿಕೊಂಡಂತೆ. ಮೇಲಾಗಿ, ಆ ಪುಕ್ಕಟೆ ದುಡಿಮೆ ಸಂಬಳದ ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬ ತಕರಾರೂ ಇತ್ತು. 1989ರ ಫೆಬ್ರವರಿ 20ರಂದು 57 ಮಂದಿ ತಾವಾಗಿಯೇ ಸೇನಾ ನ್ಯಾಯಾಧೀಶರೆದುರು ಹಾಜರಾಗಿ ಎರಡೂ ಸೇವೆಗಳನ್ನು ತಿರಸ್ಕರಿಸಿದರು. ಇಂಥವರಿಗೆ 'ಇನ್ಸುಮಿಸೊ', ಅಂದರೆ ತಲೆಬಾಗದವ, ಎಂಬ ಹೆಸರು ಬಂತು.

ತಲೆಮರೆಸಿಕೊಂಡವನು ವಿಳಾಸ ಮುಚ್ಚಿಡುತ್ತಾನೆ. ಇನ್ಸುಮಿಸೊ ಹೆಸರು, ವಿಳಾಸ, ಕಾರಣ ಎಲ್ಲ ಬರೆದು ತಾನೇ ಅಧಿಕಾರಿಗೆ ಕೊಡುತ್ತಿದ್ದ. ಅವನೊಬ್ಬನೇ ಅಲ್ಲ. ಗೆಳೆಯರು, ನೆರೆಹೊರೆಯವರು "ಈ ಅಪರಾಧಕ್ಕೆ ಪ್ರೇರೇಪಿಸಿದ್ದು ನಾವೇ, ನಮ್ಮ ಮೇಲೂ ಕೇಸು ಹಾಕಿ" ಎಂದು ಸಹಿ ಮಾಡಿ ಕೋರ್ಟಿಗೆ ಕೊಡುತ್ತಿದ್ದರು. ಇಡೀ ಚಳವಳಿಯಲ್ಲಿ ನಮಗೆ ಅತಿ ಜಾಣತನದ್ದೆನಿಸುವ ಹೆಜ್ಜೆ ಇದು. ಎಲ್ಲರನ್ನೂ ಹಿಡಿದರೆ ಊರೇ ಕಟಕಟೆಯಲ್ಲಿ ನಿಲ್ಲಬೇಕು. ಬಿಟ್ಟರೆ ಹುಡುಗನೊಬ್ಬನನ್ನೇ ಶಿಕ್ಷಿಸುವುದು ಅನ್ಯಾಯವೆಂದು ಸರ್ಕಾರವೇ ತೋರಿಸಿಕೊಟ್ಟಂತೆ.

ಶಿಕ್ಷೆ ಸಾಮಾನ್ಯವಾಗಿ 2 ವರ್ಷ 4 ತಿಂಗಳು 1 ದಿನ. ಗದ್ದಲ ತಗ್ಗಿಸಲು ಹಗಲು ಹೊರಗೆ ಬಿಟ್ಟು ರಾತ್ರಿ ಮಾತ್ರ ಜೈಲಿನಲ್ಲಿ ಮಲಗಿಸುವ ಸಡಿಲ ವ್ಯವಸ್ಥೆ ಬಂತು. 1993ರಲ್ಲಿ ಹಲವರು ರಾತ್ರಿ ಜೈಲಿಗೆ ಮರಳಲು ಬಹಿರಂಗವಾಗಿ ನಿರಾಕರಿಸಿ, ಪೂರ್ಣ ಸೆರೆವಾಸವನ್ನೇ ಆಯ್ದುಕೊಂಡರು.

ಚಳವಳಿಗೆ ಪೆಟ್ಟು ಬಿದ್ದದ್ದು 1995ರ ದಂಡಸಂಹಿತೆಯಿಂದ. ಅದು ಜೈಲನ್ನು ಬಹುಮಟ್ಟಿಗೆ ಕೈಬಿಟ್ಟು, ವರ್ಷಗಟ್ಟಲೆ ಸರ್ಕಾರಿ ನೌಕರಿ ಸಿಗದಂತೆ ಮಾಡುವ ಶಿಕ್ಷೆ ತಂದಿತು. ಸೆರೆಯಲ್ಲಿರುವ ಹುಡುಗನಿಗಾಗಿ ಜನ ಬೀದಿಗಿಳಿಯುತ್ತಾರೆ. ಸಿಗದ ನೌಕರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ 1997ರಿಂದ ಕೆಲವರು ಸೈನ್ಯಕ್ಕೆ ಸೇರಿ, ಬೇಕೆಂದೇ ಬಹಿರಂಗವಾಗಿ ಬಿಟ್ಟುಬಂದರು. ಆಗ ಸೇನಾ ಕಾನೂನಿನಡಿ ವಿಚಾರಣೆ, ಅಲ್ಕಲಾ ದೆ ಎನಾರೆಸ್‌ನ ಸೇನಾ ಜೈಲು.

ಆ ಹೊತ್ತಿಗೆ ಸೈನ್ಯಸೇವೆ ಒಲ್ಲೆವೆಂದು ಕಾನೂನುಬದ್ಧವಾಗಿ ಅರ್ಜಿ ಹಾಕುವವರೇ ವರ್ಷಕ್ಕೆ ಲಕ್ಷ ದಾಟಿದ್ದರು. 2001ರ ಕೊನೆಗೆ ಕಡ್ಡಾಯ ಸೈನ್ಯಸೇವೆ ನಿಂತಿತು. ನೀವು ಹೇಳಿದ ಆ ಬದಲಿ ಸೇವೆಯೂ ಅದರೊಂದಿಗೇ ನಿಂತುಹೋಯಿತು.